ತಾನೇ ಕತ್ತರಿಸಿಕೊಳ್ಳುವ ಇಂಟ್ರಾನ್: ಟ್ಯೂಬಿನಲ್ಲಿ ಮಾಡಿ ಜೆಲ್ ಮೇಲೆ ನೋಡುವ ತನಕ

ಮಾನಸಗಂಗೋತ್ರಿಯ ಸುತ್ತಮುತ್ತ ಪ್ರಾಜೆಕ್ಟ್ ಮಾಡುವ ಎಂಎಸ್‌ಸಿ ಮಕ್ಕಳು ಪ್ರತಿ ವರ್ಷ ನನಗೆ ಒಂದೇ ಥರದ ಜೆಲ್ ಫೋಟೋ (ಆರ್‌ಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರೆ ಮಾಡಿ ತೋರಿಸುವ ಜೆಲ್) ತೋರಿಸುತ್ತಾರೆ. ಎಲ್ಲ ಲೇನಿನಲ್ಲೂ ಒಂದೇ ಚಿತ್ರ. ಸೊನ್ನೆ ನಿಮಿಷದಲ್ಲೂ ಅದೇ, ಅರವತ್ತು ನಿಮಿಷದಲ್ಲೂ ಅದೇ. 'ಸ್ಪ್ಲೈಸಿಂಗ್ ಆಗ್ತಾನೇ ಇಲ್ಲ ಸರ್' ಅಂತಾರೆ. ಸ್ಪ್ಲೈಸಿಂಗ್ ಅಂದರೆ ಆರ್‌ಎನ್‌ಎಯ ನಡುವಿನ ತುಂಡು (ಇಂಟ್ರಾನ್) ಕತ್ತರಿಸಿಹೋಗಿ, ಅದರ ಎರಡು ಪಕ್ಕದ ತುಂಡುಗಳು (ಎಕ್ಸಾನ್) ಜೋಡಿಯಾಗುವುದು. ಫೋಟೋ ಸರಿಯಾಗಿ ನೋಡಿದರೆ ಹತ್ತರಲ್ಲಿ ಏಳೆಂಟು ಸಲ ಕಾಣುವುದು ಬೇರೆಯೇ. ಸ್ಪ್ಲೈಸಿಂಗ್ ಆಗಿದೆ. ಇವರು ಗಡಿಯಾರ ಒತ್ತುವ ಮೊದಲೇ, ಹಿಂದಿನ ದಿನ ಆರ್‌ಎನ್‌ಎ ತಯಾರಿಸುವ ಟ್ಯೂಬಿನಲ್ಲೇ ಎಲ್ಲ ಮುಗಿದುಹೋಗಿದೆ.

ಈ ಬರಹ ಅವರಿಗಾಗಿ. ಪ್ರಯೋಗ ಇಷ್ಟೇ: ಟೆಟ್ರಾಹೈಮೆನಾ ಅನ್ನುವ ಏಕಕೋಶ ಜೀವಿಯ ರೈಬೋಸೋಮಲ್ ಆರ್‌ಎನ್‌ಎಯಲ್ಲಿರುವ ಮೊದಲ ಗುಂಪಿನ ಇಂಟ್ರಾನನ್ನು ಟ್ಯೂಬಿನಲ್ಲಿ ತಯಾರಿಸಿ, ಯಾವ ಪ್ರೋಟೀನಿನ ಸಹಾಯವೂ ಇಲ್ಲದೆ ಅದು ತನ್ನನ್ನು ತಾನೇ ಕತ್ತರಿಸಿಕೊಂಡು ಹೊರಬರುವುದನ್ನು ಜೆಲ್ ಮೇಲೆ ತೋರಿಸುವುದು.

## ಮೊದಲು ಕಾಗದದ ಮೇಲೆ: ಯಾವ ತುಂಡು ಎಷ್ಟು ಉದ್ದ?

ಈ ಇಂಟ್ರಾನ್ ಕೆಲಸ ಮಾಡಲು ಎರಡೇ ವಸ್ತು ಬೇಕು. ಒಂದು ಮೆಗ್ನೀಸಿಯಂ, ಇನ್ನೊಂದು ಗ್ವಾನೋಸಿನ್. ಗ್ವಾನೋಸಿನ್ ಜಾಗದಲ್ಲಿ ಜಿಟಿಪಿಯೂ ಆಗುತ್ತದೆ. ಹೊರಗಿನಿಂದ ಬಂದ ಆ ಜಿ, ತನ್ನ 3 ಪ್ರೈಮ್ ಹೈಡ್ರಾಕ್ಸಿಲ್‌ನಿಂದ ಮೊದಲ ಎಕ್ಸಾನ್ ಮತ್ತು ಇಂಟ್ರಾನ್ ಸೇರುವ ಕಡೆ ಹೊಡೆಯುತ್ತದೆ. ಜಿ ಇಂಟ್ರಾನಿನ ತಲೆಗೆ ಅಂಟಿಕೊಳ್ಳುತ್ತದೆ, ಮೊದಲ ಎಕ್ಸಾನ್ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಎಕ್ಸಾನಿನ ತುದಿ ಹೋಗಿ ಎರಡನೇ ಎಕ್ಸಾನಿಗೆ ಸೇರಿಕೊಳ್ಳುತ್ತದೆ. ಇಂಟ್ರಾನ್ ಹೊರಗೆ ಬೀಳುತ್ತದೆ. ಎಟಿಪಿಯ ಶಕ್ತಿ ಬೇಡ. ಒಂದು ಬಂಧ ಮುರಿದ ಜಾಗದಲ್ಲೇ ಇನ್ನೊಂದು ಬಂಧ ಹುಟ್ಟುತ್ತದೆ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಇಂಟ್ರಾನ್ 413 ನ್ಯೂಕ್ಲಿಯೋಟೈಡ್. ನಿಮ್ಮ ಮೊದಲ ಎಕ್ಸಾನ್ 60, ಎರಡನೆಯದು 120 ಅಂತ ಇಟ್ಟುಕೊಳ್ಳೋಣ. ಪೂರ್ತಿ ಆರ್‌ಎನ್‌ಎ 593. ಮೊದಲ ಹೆಜ್ಜೆ ಆದಮೇಲೆ 60 ಮತ್ತು 534 (ಅಂಟಿಕೊಂಡ ಆ ಒಂದು ಜಿ ಸೇರಿ). ಎರಡನೇ ಹೆಜ್ಜೆ ಆದಮೇಲೆ 180ರ ಜೋಡಿ ಎಕ್ಸಾನ್ ಮತ್ತು 414ರ ಇಂಟ್ರಾನ್. ಹೊರಬಿದ್ದ ಇಂಟ್ರಾನ್ ಸುಮ್ನೆ ಇರುವುದಿಲ್ಲ. ತುದಿಯಿಂದ 15 ನ್ಯೂಕ್ಲಿಯೋಟೈಡ್ ಕಳಚಿಕೊಂಡು 399ರ ಉಂಗುರ ಆಗಬಹುದು.

ಈ ಪಟ್ಟಿಯನ್ನು ಬರೆದು ಮೇಜಿನ ಮುಂದೆ ಅಂಟಿಸಿ. ಜೆಲ್ ಓಡಿಸಿದ ಮೇಲೆ ಲೆಕ್ಕ ಹಾಕಲು ಕೂತರೆ ಕಣ್ಣು ತನಗೆ ಬೇಕಾದ ಬ್ಯಾಂಡನ್ನೇ ಹುಡುಕುತ್ತದೆ. ಕ್ಲೋನ್ ಇನ್ನೂ ಮಾಡಿಲ್ಲವಾದರೆ ಎಕ್ಸಾನ್‌ಗಳ ಉದ್ದವನ್ನು ಈಗಲೇ ಸರಿಮಾಡಿಕೊಳ್ಳಿ. ಎರಡೂ ಎಕ್ಸಾನ್ ಕೂಡಿ 400ರ ಹತ್ತಿರ ಬಂದರೆ ಜೋಡಿ ಎಕ್ಸಾನ್ ಯಾವುದು, ಇಂಟ್ರಾನ್ ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಎಕ್ಸಾನ್ ಕತ್ತರಿಸುವಾಗ ಜೋಡಣೆಯ ಹತ್ತಿರದ ಬೇಸ್‌ಗಳಿಗೆ ಕೈ ಹಾಕಬೇಡಿ. ಮೊದಲ ಎಕ್ಸಾನಿನ ಕೊನೆಯ ಆರು ಬೇಸ್, ಅಂದರೆ ಸಿ-ಯು-ಸಿ-ಯು-ಸಿ-ಯು, ಇಂಟ್ರಾನಿನ ಒಳಗಿರುವ ಜಿ-ಜಿ-ಎ-ಜಿ-ಜಿ-ಜಿ ಜೊತೆ ಜೋಡಿಯಾಗಬೇಕು. ಕತ್ತರಿಸುವ ಜಾಗವನ್ನು ತೋರಿಸಿಕೊಡುವುದು ಆ ಜೋಡಿಯೇ.

## ಬೇಕಾಗುವ ಸಾಮಾನು

ಟಿ7 ಪ್ರೊಮೋಟರಿನ ಮುಂದೆ ಇಂಟ್ರಾನ್ ಇರುವ ಪ್ಲಾಸ್ಮಿಡ್ (ಡಿಎನ್‌ಎ ಉಂಗುರ), ಟಿ7 ಆರ್‌ಎನ್‌ಎ ಪಾಲಿಮರೇಸ್, ನಾಲ್ಕು ಎನ್‌ಟಿಪಿ (ಆರ್‌ಎನ್‌ಎ ಕಟ್ಟುವ ಇಟ್ಟಿಗೆಗಳು, ಜಿಟಿಪಿ ಅವುಗಳಲ್ಲೊಂದು), ಆರ್‌ಎನ್‌ಏಸ್ (ಆರ್‌ಎನ್‌ಎ ತಿನ್ನುವ ಕಿಣ್ವ) ಇಲ್ಲದ ಡಿಎನ್‌ಏಸ್ (ಡಿಎನ್‌ಎ ತಿನ್ನುವ ಕಿಣ್ವ), ಆರ್‌ಎನ್‌ಏಸ್ ತಡೆಯುವ ಪ್ರೋಟೀನ್, ಫೀನಾಲ್-ಕ್ಲೋರೋಫಾರ್ಮ್, ಎಥೆನಾಲ್, ಯೂರಿಯಾ, ಅಕ್ರಿಲಮೈಡ್, ಫಾರ್ಮಮೈಡ್, ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುವ ಇಡಿಟಿಎ. ಹೀಟಿಂಗ್ ಬ್ಲಾಕ್ ಎರಡಿದ್ದರೆ ಒಳ್ಳೆಯದು. ಕನಿಷ್ಠ 20 ಸೆಂಟಿಮೀಟರ್ ಉದ್ದದ ನಿಂತ ಜೆಲ್ ಪ್ಲೇಟ್ ಬೇಕು. ಪ್ರೋಟೀನ್ ಜೆಲ್ ಓಡಿಸುವ ಪುಟ್ಟ ಪ್ಲೇಟಿನಲ್ಲಿ 593 ಮತ್ತು 534 ಸರಿಯಾಗಿ ಬೇರೆ ಆಗುವುದಿಲ್ಲ.

ಒಂದು ಥರ್ಮಾಮೀಟರನ್ನೂ ಇಟ್ಟುಕೊಳ್ಳಿ. ಪುಸ್ತಕದಲ್ಲಿ 'ಕೊಠಡಿ ಉಷ್ಣಾಂಶ' ಅಂತ ಇರುತ್ತದೆ. ಮೈಸೂರಿನಲ್ಲಿ ಜನವರಿ ಬೆಳಗಿನ ಕೊಠಡಿಯೇ ಬೇರೆ, ಏಪ್ರಿಲ್ ಮಧ್ಯಾಹ್ನ ಕರೆಂಟು ಹೋದಾಗಿನ ಕೊಠಡಿಯೇ ಬೇರೆ, ಅಲ್ವಾ? ಎಷ್ಟು ಡಿಗ್ರಿ ಇತ್ತು ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ.

## ಹಂತ 1: ಮೇಜು, ನೀರು, ಕೈ

ಆರ್‌ಎನ್‌ಎ ತಿನ್ನುವ ಕಿಣ್ವ ನಮ್ಮ ಚರ್ಮದಲ್ಲಿದೆ, ಬೆವರಿನಲ್ಲಿದೆ. ಕುದಿಸಿದರೆ ಸಾಯುವ ಜಾತಿಯದಲ್ಲ ಅದು. ಹೋದ ಬೇಸಿಗೆ ಒಬ್ಬ ಹುಡುಗಿ ಕೆಲಸ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಶಿಸ್ತಿನ ಹುಡುಗಿ, ಹೊಸ ಗ್ಲೌಸ್, ಹೊಸ ಟಿಪ್. ನಡುವೆ ಬೆವರು ಇಳಿಯಿತು. ಗ್ಲೌಸ್ ಹಾಕಿದ ಕೈಯ ಹಿಂಬದಿಯಿಂದ ಹಣೆ ಒರೆಸಿಕೊಂಡಳು. ಕನ್ನಡಕ ಮೇಲೆತ್ತಿಕೊಂಡಳು. ಅದೇ ಬೆರಳಿನಿಂದ ಟ್ಯೂಬಿನ ಮುಚ್ಚಳದ ಒಳಅಂಚನ್ನು ಒತ್ತಿ ತೆರೆದಳು. ಮಾರನೇ ದಿನದ ಜೆಲ್‌ನಲ್ಲಿ ಬ್ಯಾಂಡ್ ಇರಲಿಲ್ಲ, ಕೆಳಗೆ ಮಬ್ಬು ಮಾತ್ರ. ಗ್ಲೌಸ್ ಇರುವುದು ನಮ್ಮ ಕೈಯಿಂದ ಆರ್‌ಎನ್‌ಎ ಉಳಿಸುವುದಕ್ಕೆ. ಮುಖ, ಫೋನು, ಬಾಗಿಲ ಹಿಡಿ ಮುಟ್ಟಿದರೆ ಬದಲಾಯಿಸಿ.

ಗಾಜಿನ ಸಾಮಾನನ್ನು 180 ಡಿಗ್ರಿಯಲ್ಲಿ ರಾತ್ರಿಯಿಡೀ ಒಣ ಓವನ್‌ನಲ್ಲಿ ಇಡಿ. ನೀರಿಗೆ ಆರ್‌ಎನ್‌ಏಸ್ ಕೆಡಿಸುವ ಡಿಇಪಿಸಿಯನ್ನು 0.1 ಶೇಕಡಾ ಹಾಕಿ, ರಾತ್ರಿ ಬಿಟ್ಟು, ಆಮೇಲೆ ಆಟೋಕ್ಲೇವ್ ಮಾಡಿ. ಡಿಇಪಿಸಿ ವಿಷ, ಫ್ಯೂಮ್ ಹುಡ್‌ನಲ್ಲೇ ತೆರೆಯಿರಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ: ಟ್ರಿಸ್ ಬಫರಿಗೇ ನೇರವಾಗಿ ಡಿಇಪಿಸಿ ಹಾಕುವುದು. ಟ್ರಿಸ್ ಅದರ ಜೊತೆ ತಾನೇ ಕ್ರಿಯೆ ನಡೆಸಿ ಅದನ್ನು ಮುಗಿಸಿಬಿಡುತ್ತದೆ. ಆರ್‌ಎನ್‌ಏಸ್ ಹಾಗೇ ಉಳಿಯುತ್ತದೆ. ಮೊದಲು ನೀರನ್ನು ಶುದ್ಧ ಮಾಡಿ, ಆ ನೀರಿನಲ್ಲಿ ಟ್ರಿಸ್ ಕರಗಿಸಿ.

## ಹಂತ 2: ಟೆಂಪ್ಲೇಟ್

ಪ್ಲಾಸ್ಮಿಡನ್ನು ಎರಡನೇ ಎಕ್ಸಾನಿನ ಕೊನೆಯಲ್ಲಿ ಕತ್ತರಿಸಬೇಕು. ಇಕೋಆರ್‌ಐ, ಹಿಂಡ್3, ಬ್ಯಾಮ್‌ಎಚ್‌ಐ ಥರ 5 ಪ್ರೈಮ್ ತುದಿ ಉಳಿಸುವ ಕಿಣ್ವ ಆಗಬಹುದು, ಮೊಂಡು ತುದಿ ಕೊಡುವ ಇಕೋಆರ್‌5 ಕೂಡ ಆಗಬಹುದು. ಕೆಪಿಎನ್‌ಐ, ಪಿಎಸ್‌ಟಿಐ, ಎಸ್‌ಎಸಿಐ ಬೇಡ. ಇವು 3 ಪ್ರೈಮ್ ತುದಿ ಉಳಿಸುತ್ತವೆ. ಪಾಲಿಮರೇಸ್ ಅಂಥ ತುದಿಯಿಂದಲೂ ಓದಲು ಶುರುಮಾಡಿ ಬೇಡದ ಆರ್‌ಎನ್‌ಎ ಬರೆಯುತ್ತದೆ. ಕತ್ತರಿಸಿದ್ದು ಪೂರ್ತಿ ಆಗಿದೆಯೇ ಅಂತ ಅಗರೋಸ್ ಜೆಲ್‌ನಲ್ಲಿ ನೋಡಿ. ಕತ್ತರಿಸದ ಪ್ಲಾಸ್ಮಿಡ್ ಸ್ವಲ್ಪ ಉಳಿದರೂ ಅದರಿಂದ ತುಂಬ ಉದ್ದದ ಆರ್‌ಎನ್‌ಎ ಬಂದು ಜೆಲ್‌ನ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಮಾತು, ದಯವಿಟ್ಟು ಇದನ್ನು ಹಾರಿಸಬೇಡಿ. ಮಿನಿಪ್ರೆಪ್ (ಬ್ಯಾಕ್ಟೀರಿಯಾದಿಂದ ಪ್ಲಾಸ್ಮಿಡ್ ತೆಗೆಯುವುದು) ಮಾಡುವಾಗ ಮೊದಲ ಬಫರಿನಲ್ಲೇ ಆರ್‌ಎನ್‌ಏಸ್ ಎ ಇರುತ್ತದೆ. ಅಂದರೆ ನಾವೇ ನಮ್ಮ ಡಿಎನ್‌ಎ ಜೊತೆ ಆರ್‌ಎನ್‌ಎಯ ಶತ್ರುವನ್ನೂ ಹಾಕಿಟ್ಟಿರುತ್ತೇವೆ. ಕಾಲಮ್ ಅದನ್ನು ಪೂರ್ತಿ ತೆಗೆಯುತ್ತದೆ ಅಂತ ನಂಬಬೇಡಿ. ಕತ್ತರಿಸಿದ ಡಿಎನ್‌ಎಯನ್ನು ಫೀನಾಲ್-ಕ್ಲೋರೋಫಾರ್ಮ್‌ನಲ್ಲಿ ಎರಡು ಸಲ ತೊಳೆದು, ಎಥೆನಾಲ್‌ನಲ್ಲಿ ಇಳಿಸಿ, ಶುದ್ಧ ನೀರಿನಲ್ಲಿ ಕರಗಿಸಿ. ಫೀನಾಲ್ ಚರ್ಮ ಸುಡುತ್ತದೆ, ಕಣ್ಣಿಗೆ ಗಾಗಲ್ಸ್ ಹಾಕಿಕೊಳ್ಳಿ.

## ಹಂತ 3: ಟ್ರಾನ್ಸ್‌ಕ್ರಿಪ್ಷನ್, ಎಲ್ಲರೂ ಎಡವುವ ಜಾಗ

ಸ್ಪ್ಲೈಸಿಂಗಿಗೆ ಬೇಕಾದ್ದು ಮೆಗ್ನೀಸಿಯಂ ಮತ್ತು ಜಿಟಿಪಿ ಅಂತ ಮೇಲೆ ಹೇಳಿದೆ. ಟ್ರಾನ್ಸ್‌ಕ್ರಿಪ್ಷನ್ (ಡಿಎನ್‌ಎ ನೋಡಿ ಆರ್‌ಎನ್‌ಎ ತಯಾರಿಸುವ) ಟ್ಯೂಬಿನಲ್ಲಿ ಏನಿದೆ? ಮೆಗ್ನೀಸಿಯಂ ಇದೆ. ಜಿಟಿಪಿ ಇದೆ, ಅದೂ ಬೇಕಾದ್ದಕ್ಕಿಂತ ತುಂಬ ಜಾಸ್ತಿ. 37 ಡಿಗ್ರಿ ಬಿಸಿಯೂ ಇದೆ. ಆರ್‌ಎನ್‌ಎ ತಯಾರಾಗುತ್ತಿದ್ದಂತೆಯೇ ಮಡಿಸಿಕೊಂಡು, ಕತ್ತರಿಸಿಕೊಂಡು, ಎಕ್ಸಾನ್ ಜೋಡಿಸಿ ಮುಗಿಸುತ್ತದೆ. ಹೆಚ್ಚು ಆರ್‌ಎನ್‌ಎ ಕೊಡುತ್ತೇವೆ ಅನ್ನುವ ಕಿಟ್‌ಗಳಲ್ಲಿ ಮೆಗ್ನೀಸಿಯಮ್ಮೂ ಜಾಸ್ತಿ, ಎನ್‌ಟಿಪಿಯೂ ಜಾಸ್ತಿ. ಅಂಥ ಕಿಟ್‌ನಲ್ಲಿ ಎರಡು ಗಂಟೆ ಇಟ್ಟರೆ ಪೂರ್ತಿ ಉದ್ದದ ಆರ್‌ಎನ್‌ಎ ಉಳಿಯುವುದು ಕಷ್ಟ.

ಉಪಾಯ ಇರುವುದು ಲೆಕ್ಕದಲ್ಲಿ. ಒಂದೊಂದು ಎನ್‌ಟಿಪಿ ಅಣುವೂ ಸುಮಾರು ಒಂದೊಂದು ಮೆಗ್ನೀಸಿಯಂ ಅಯಾನನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಂಟ್ರಾನಿಗೆ ಸಿಗುವುದು ಉಳಿದ ಬಿಡಿ ಮೆಗ್ನೀಸಿಯಂ ಮಾತ್ರ. ನಾಲ್ಕೂ ಎನ್‌ಟಿಪಿ ತಲಾ 1.5 ಮಿಲಿಮೋಲಾರ್ ಹಾಕಿದರೆ ಒಟ್ಟು 6. ಮೆಗ್ನೀಸಿಯಂ 20 ಹಾಕಿದರೆ 14 ಬಿಡಿಯಾಗಿ ಉಳಿಯುತ್ತದೆ, ಇಂಟ್ರಾನಿಗೆ ಹಬ್ಬ. 7 ಹಾಕಿದರೆ 1 ಉಳಿಯುತ್ತದೆ. ಪಾಲಿಮರೇಸ್ ನಿಧಾನವಾಗುತ್ತದೆ, ಆದರೆ ಇಂಟ್ರಾನ್ ಅದಕ್ಕಿಂತ ಹೆಚ್ಚು ನಿಧಾನವಾಗುತ್ತದೆ. ನಮಗೆ ಬೇಕಾದ್ದು ಆ ಅಂತರ.

ಅದಕ್ಕೇ ಮೊದಲ ದಿನ ದೊಡ್ಡ ಪ್ರಮಾಣದಲ್ಲಿ ಮಾಡಬೇಡಿ. 20 ಮೈಕ್ರೋಲೀಟರಿನ ನಾಲ್ಕು ಟ್ಯೂಬ್ ಮಾಡಿ. ಎನ್‌ಟಿಪಿ ಎಲ್ಲದರಲ್ಲೂ ಒಟ್ಟು 6. ಮೆಗ್ನೀಸಿಯಂ 6, 7, 8, 10. ಉಷ್ಣಾಂಶ 37ರ ಬದಲು 30. ಸಮಯ ಒಂದು ಗಂಟೆ. ಆಮೇಲೆ ಸ್ವಲ್ಪ ಸ್ವಲ್ಪ ತೆಗೆದು ಜೆಲ್ ಓಡಿಸಿ, ಯಾವುದರಲ್ಲಿ 593ರ ಬ್ಯಾಂಡ್ ಚೆನ್ನಾಗಿ ಉಳಿದಿದೆಯೋ ಅದನ್ನು ಆರಿಸಿಕೊಳ್ಳಿ. ಈ ಒಂದು ದಿನ ವ್ಯರ್ಥ ಅಂತ ಅನ್ನಿಸುತ್ತದೆ. ಇದನ್ನು ಬಿಟ್ಟವರು ಎರಡು ತಿಂಗಳು ಕಳೆದದ್ದನ್ನು ನಾನು ನೋಡಿದ್ದೇನೆ.

ಟ್ಯೂಬಿಗೆ ಹಾಕುವ ಕ್ರಮ ಹೀಗಿರಲಿ: ನೀರು, ಬಫರ್, ಎನ್‌ಟಿಪಿ, ಡಿಟಿಟಿ, ಡಿಎನ್‌ಎ, ಆರ್‌ಎನ್‌ಏಸ್ ತಡೆ, ಕೊನೆಗೆ ಪಾಲಿಮರೇಸ್. ಇದನ್ನು ಐಸ್ ಮೇಲೆ ಮಾಡಬೇಡಿ. ಬಫರಿನಲ್ಲಿ ಸ್ಪರ್ಮಿಡೀನ್ ಇರುತ್ತದೆ, ತಣ್ಣಗಿದ್ದರೆ ಅದು ಡಿಎನ್‌ಎಯನ್ನು ಕೆಳಗೆ ಇಳಿಸಿಬಿಡುತ್ತದೆ. ಕಿಣ್ವಗಳು ಮಾತ್ರ ಐಸ್ ಮೇಲಿರಲಿ, ಟ್ಯೂಬ್ ಹೊರಗಿರಲಿ.

ಒಂದು ಗಂಟೆಯ ನಂತರ ಟ್ಯೂಬ್ ಸ್ವಲ್ಪ ಬೆಳ್ಳಗೆ ಕದಡಿದಂತೆ ಕಂಡರೆ ಹೆದರಬೇಡಿ. ಅದು ಮೆಗ್ನೀಸಿಯಂ ಪೈರೋಫಾಸ್ಫೇಟ್, ಆರ್‌ಎನ್‌ಎ ಚೆನ್ನಾಗಿ ಬಂದಿದೆ ಅನ್ನುವ ಗುರುತು. ಡಿಎನ್‌ಏಸ್ ಹಾಕಿ 15 ನಿಮಿಷ ಬಿಡಿ. ಈ ಹದಿನೈದು ನಿಮಿಷವೂ ಸ್ಪ್ಲೈಸಿಂಗ್ ನಡೆಯುತ್ತಿರುತ್ತದೆ ಅನ್ನುವುದು ನೆನಪಿರಲಿ. ಮುಂದೆ ಜೆಲ್‌ನಿಂದ ಆರ್‌ಎನ್‌ಎ ಕತ್ತರಿಸಿ ತೆಗೆಯುವವರು ಇಲ್ಲಿ ಡಿಎನ್‌ಏಸ್ ಬಿಟ್ಟರೂ ನಡೆಯುತ್ತದೆ. ತಕ್ಷಣ ಇಡಿಟಿಎ ಹಾಕಿ. ಎಷ್ಟು? ಟ್ಯೂಬಿನಲ್ಲಿರುವ ಮೆಗ್ನೀಸಿಯಮ್ಮಿಗಿಂತ ಜಾಸ್ತಿ. ಕದಡಿದ್ದು ಕರಗಿ ತಿಳಿಯಾಗುತ್ತದೆ. ಆಗಲೇ ಇಂಟ್ರಾನ್ ನಿಜವಾಗಿ ನಿಂತದ್ದು.

## ಹಂತ 4: ಪೂರ್ತಿ ಉದ್ದದ ಆರ್‌ಎನ್‌ಎ ಮಾತ್ರ ತೆಗೆಯುವುದು

ಕಾಲಮ್‌ನಲ್ಲಿ ತೊಳೆದರೆ ಸಾಲದು. ಕಾಲಮ್‌ಗೆ 593, 534, 414 ಎಲ್ಲ ಒಂದೇ. 5 ಶೇಕಡಾ ಅಕ್ರಿಲಮೈಡ್, 7 ಮೋಲಾರ್ ಯೂರಿಯಾ ಇರುವ ಜೆಲ್ ಓಡಿಸಿ. ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ, ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ. ಬೇಸಿಗೆಯಲ್ಲಿ ಜೆಲ್ ಬೇಗ ಕಟ್ಟುತ್ತದೆ, ಟೆಮೆಡ್ ಹಾಕುವ ಮೊದಲೇ ಬಾಚಣಿಗೆ ಕೈಯಲ್ಲಿರಲಿ. ಆರ್‌ಎನ್‌ಎ ಹಾಕುವ ಮೊದಲು ಗುಂಡಿಗಳಿಂದ ಯೂರಿಯಾವನ್ನು ಸಿರಿಂಜಿನಿಂದ ತೊಳೆದು ತೆಗೆಯಿರಿ. ತೊಳೆಯದಿದ್ದರೆ ಬ್ಯಾಂಡ್ ಡೊಂಕಾಗುತ್ತದೆ.

ಬ್ಯಾಂಡ್ ನೋಡಲು ಬಣ್ಣ ಬೇಡ. ಜೆಲ್ಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಹೊಳೆಯುವ ಟಿಎಲ್‌ಸಿ ಪ್ಲೇಟಿನ ಮೇಲಿಟ್ಟು, 254 ನ್ಯಾನೋಮೀಟರಿನ ಯುವಿ ದೀಪ ಮೇಲಿನಿಂದ ಹಿಡಿಯಿರಿ. ಹಸಿರು ಹೊಳಪಿನ ಮೇಲೆ ಆರ್‌ಎನ್‌ಎ ಕಪ್ಪು ನೆರಳಿನಂತೆ ಕಾಣುತ್ತದೆ. ಪೆನ್ನಿನಲ್ಲಿ ಗುರುತು ಹಾಕಿ ದೀಪ ಆರಿಸಿ, ಆಮೇಲೆ ಕತ್ತರಿಸಿ. ದೀಪ ಉರಿಯುತ್ತಿದ್ದಷ್ಟು ಹೊತ್ತೂ ಆರ್‌ಎನ್‌ಎ ಹಾಳಾಗುತ್ತಿರುತ್ತದೆ. ಎಲ್ಲಕ್ಕಿಂತ ಮೇಲಿನ ಗಟ್ಟಿ ಬ್ಯಾಂಡೇ 593 ಅಂತ ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿ. ಉಂಗುರದ ಇಂಟ್ರಾನ್ ಕೂಡ ಮೇಲೆಯೇ ನಿಲ್ಲುತ್ತದೆ. ಪಕ್ಕದಲ್ಲಿ ಆರ್‌ಎನ್‌ಎ ಅಳತೆಪಟ್ಟಿ (ಉದ್ದ ಗೊತ್ತಿರುವ ಆರ್‌ಎನ್‌ಎ ತುಂಡುಗಳು) ಇರಲೇಬೇಕು.

ಕತ್ತರಿಸಿದ ತುಂಡನ್ನು 0.3 ಮೋಲಾರ್ ಸೋಡಿಯಂ ಅಸಿಟೇಟ್ ಮತ್ತು 1 ಮಿಲಿಮೋಲಾರ್ ಇಡಿಟಿಎ ಇರುವ ನೀರಿನಲ್ಲಿ 4 ಡಿಗ್ರಿಯಲ್ಲಿ ರಾತ್ರಿ ಅಲುಗಾಡಿಸಿ, ಎರಡೂವರೆ ಪಟ್ಟು ಎಥೆನಾಲ್ ಹಾಕಿ ಇಳಿಸಿ. 70 ಶೇಕಡಾ ಎಥೆನಾಲ್‌ನಲ್ಲಿ ತೊಳೆಯುವುದನ್ನು ಮರೆತರೆ ಇಡಿಟಿಎ ಜೊತೆಗೇ ಬಂದು ಮುಂದಿನ ಹಂತದಲ್ಲಿ ನೀವು ಹಾಕುವ ಮೆಗ್ನೀಸಿಯಮ್ಮನ್ನು ನುಂಗುತ್ತದೆ.

ಮಂಡ್ಯದಿಂದ, ಮದ್ದೂರಿನಿಂದ ಬಸ್ಸಿನಲ್ಲಿ ಟ್ಯೂಬ್ ತರುವವರು ಆರ್‌ಎನ್‌ಎಯನ್ನು ನೀರಿನಲ್ಲಿ ತರಬೇಡಿ. ಎಥೆನಾಲ್ ಹಾಕಿದ ಸ್ಥಿತಿಯಲ್ಲೇ ತನ್ನಿ, ಇಲ್ಲಿಗೆ ಬಂದು ಸೆಂಟ್ರಿಫ್ಯೂಜ್ ಮಾಡಿ. ದಾರಿಯಲ್ಲಿ ಐಸ್ ಕರಗಿದರೂ ಆರ್‌ಎನ್‌ಎ ಉಳಿಯುತ್ತದೆ.

## ಹಂತ 5: ಮಡಿಸುವುದು

ಯೂರಿಯಾದಿಂದ ಬಂದ ಆರ್‌ಎನ್‌ಎ ಬಿಚ್ಚಿಕೊಂಡಿರುತ್ತದೆ. ಅದನ್ನು ಸರಿಯಾದ ಆಕಾರಕ್ಕೆ ತರಬೇಕು. ಈ ಇಂಟ್ರಾನ್ ತಪ್ಪಾಗಿ ಮಡಿಸಿಕೊಂಡು ಗಂಟೆಗಟ್ಟಲೆ ಹಾಗೇ ಕೂರುವ ಸ್ವಭಾವದ್ದು. ರಾಗಿಮುದ್ದೆಯಲ್ಲಿ ಗಂಟು ಕಟ್ಟಿದ ಮೇಲೆ ಒಲೆ ಆರಿಸಿ ಎಷ್ಟು ತಿರುವಿದರೂ ಬಿಡುವುದಿಲ್ಲವಲ್ಲ, ಹಾಗೆ. ಬಿಸಿ ಇರುವಾಗಲೇ ಗಂಟು ಒಡೆಯಬೇಕು.

ಆರ್‌ಎನ್‌ಎಯನ್ನು ಟ್ರಿಸ್ ಬಫರಿನಲ್ಲಿ (ಪಿಎಚ್ 7.5), ಮೆಗ್ನೀಸಿಯಂ ಇಲ್ಲದೆ, 95 ಡಿಗ್ರಿಯಲ್ಲಿ ಒಂದು ನಿಮಿಷ ಇಡಿ. ಹೊರತೆಗೆದು ಐದು ನಿಮಿಷ ಕೊಠಡಿಯಲ್ಲಿ ಬಿಡಿ. ಈಗ ಮೆಗ್ನೀಸಿಯಂ ಕ್ಲೋರೈಡ್ 10 ಮಿಲಿಮೋಲಾರ್ ಆಗುವಂತೆ ಹಾಕಿ, 50 ಡಿಗ್ರಿಯಲ್ಲಿ ಹತ್ತು ನಿಮಿಷ ಇಡಿ. ಕ್ರಮ ತಿರುಗುಮುರುಗಾದರೆ, ಅಂದರೆ ಮೆಗ್ನೀಸಿಯಂ ಹಾಕಿ 95 ಡಿಗ್ರಿಗೆ ಇಟ್ಟರೆ, ಆರ್‌ಎನ್‌ಎ ಬೆನ್ನೆಲುಬೇ ಮುರಿದು ಚೂರುಚೂರಾಗುತ್ತದೆ. ಆರ್‌ಎನ್‌ಏಸ್ ಬಂದಿದೆ ಅಂತ ಎಲ್ಲ ಬಫರ್ ಚೆಲ್ಲಿ ಹೊಸದಾಗಿ ಮಾಡುವವರಲ್ಲಿ ಕೆಲವರ ನಿಜವಾದ ತಪ್ಪು ಇದು.

## ಹಂತ 6: ಜಿಟಿಪಿ ಕೊಟ್ಟು ಗಡಿಯಾರ ಒತ್ತುವುದು

80 ಮೈಕ್ರೋಲೀಟರಿನ ಒಂದೇ ಟ್ಯೂಬ್ ಸಾಕು. ಆರ್‌ಎನ್‌ಎ 100 ನ್ಯಾನೋಮೋಲಾರ್, ಟ್ರಿಸ್ 50, ಸೋಡಿಯಂ ಕ್ಲೋರೈಡ್ 100, ಮೆಗ್ನೀಸಿಯಂ 10 ಮಿಲಿಮೋಲಾರ್, ಉಷ್ಣಾಂಶ 30 ಡಿಗ್ರಿ. ಜಿಟಿಪಿ ಹಾಕುವ ಮೊದಲು 8 ಮೈಕ್ರೋಲೀಟರ್ ತೆಗೆದು ನಿಲ್ಲಿಸುವ ದ್ರಾವಣಕ್ಕೆ ಹಾಕಿ. ಅದೇ ಸೊನ್ನೆ ನಿಮಿಷ. ಆಮೇಲೆ ಜಿಟಿಪಿ 0.2 ಮಿಲಿಮೋಲಾರ್ ಆಗುವಂತೆ ಹಾಕಿ ಗಡಿಯಾರ ಒತ್ತಿ. ಅರ್ಧ, 1, 2, 5, 10, 30, 60 ನಿಮಿಷಕ್ಕೆ 8 ಮೈಕ್ರೋಲೀಟರ್ ತೆಗೆಯಿರಿ. ಹೆಚ್ಚಿನ ಕೆಲಸ ಮೊದಲ ಕೆಲವು ನಿಮಿಷದಲ್ಲೇ ಆಗಬಹುದು, ಆದ್ದರಿಂದ ಶುರುವಿನ ಸಮಯಗಳನ್ನು ಬಿಡಬೇಡಿ.

ನಿಲ್ಲಿಸುವ ದ್ರಾವಣ 95 ಶೇಕಡಾ ಫಾರ್ಮಮೈಡ್, 20 ಮಿಲಿಮೋಲಾರ್ ಇಡಿಟಿಎ. ಟ್ಯೂಬ್‌ಗಳಲ್ಲಿ ತಲಾ 8 ಮೈಕ್ರೋಲೀಟರ್ ಮೊದಲೇ ಹಾಕಿ, ನಂಬರ್ ಬರೆದು, ಸಾಲಾಗಿ ಐಸ್ ಮೇಲೆ ಇಟ್ಟಿರಿ. ಪುಡಿಯಿಂದ ಜಿಟಿಪಿ ಕರಗಿಸಿದವರು ಪಿಎಚ್ 7ಕ್ಕೆ ತಂದಿದ್ದೀರಾ ಅಂತ ನೋಡಿಕೊಳ್ಳಿ.

ಜೊತೆಗೆ ಮೂರು ಚಿಕ್ಕ ಟ್ಯೂಬ್ ಇರಲೇಬೇಕು. ಒಂದರಲ್ಲಿ ಜಿಟಿಪಿ ಇಲ್ಲ. ಒಂದರಲ್ಲಿ ಮೆಗ್ನೀಸಿಯಂ ಬದಲು ಇಡಿಟಿಎ. ಇನ್ನೊಂದರಲ್ಲಿ ಜಿಟಿಪಿ ಬದಲು ಎಟಿಪಿ. ಕೈಯಲ್ಲಿ ಡಿಜಿಟಿಪಿ ಇದ್ದರೆ ಅದನ್ನೂ ಹಾಕಿ ನೋಡಿ. ಅದರಲ್ಲಿ ಜಿ ಇದೆ, 2 ಪ್ರೈಮ್ ಹೈಡ್ರಾಕ್ಸಿಲ್ ಇಲ್ಲ, ಕೆಲಸ ನಡೆಯುವುದಿಲ್ಲ. ಆರ್‌ಎನ್‌ಎ ಎಷ್ಟು ಸೂಕ್ಷ್ಮವಾಗಿ ಆರಿಸುತ್ತದೆ ಅನ್ನುವುದು ಆ ಒಂದು ಲೇನಿನಲ್ಲಿ ಕಣ್ಣಿಗೆ ಬೀಳುತ್ತದೆ. ನನಗೆ ಈ ಪ್ರಯೋಗದಲ್ಲಿ ತುಂಬ ಇಷ್ಟವಾದ ಲೇನ್ ಅದೇ.

## ಹಂತ 7: ಜೆಲ್ ಓದುವುದು

ಅದೇ 5 ಶೇಕಡಾ ಯೂರಿಯಾ ಜೆಲ್. ಬ್ರೋಮೋಫೀನಾಲ್ ನೀಲಿ ಸುಮಾರು 35 ನ್ಯೂಕ್ಲಿಯೋಟೈಡಿನ ಜೊತೆ ಓಡುತ್ತದೆ, ಝೈಲೀನ್ ಸಯನಾಲ್ ಸುಮಾರು 130-140ರ ಜೊತೆ. ನೀಲಿ ತಳ ಮುಟ್ಟಿದಾಗ ನಿಲ್ಲಿಸಿದರೆ 60ರ ಎಕ್ಸಾನ್ ಇನ್ನೂ ಜೆಲ್‌ನಲ್ಲಿರುತ್ತದೆ, ಆದರೆ 593 ಮತ್ತು 534 ಒತ್ತಿಕೊಂಡಿರುತ್ತವೆ. ಝೈಲೀನ್ ತಳಕ್ಕೆ ಬರುವ ತನಕ ಓಡಿಸಿದರೆ ಮೇಲಿನವು ಚೆನ್ನಾಗಿ ಬಿಡಿಸಿಕೊಳ್ಳುತ್ತವೆ, ಆದರೆ ಚಿಕ್ಕ ಎಕ್ಸಾನ್ ಟ್ಯಾಂಕಿಗೆ ಹೋಗಿರುತ್ತದೆ. ಎರಡು ಜೆಲ್ ಮಾಡಿ. ಒಂದರಲ್ಲೇ ಎಲ್ಲ ನೋಡುತ್ತೇನೆ ಅನ್ನುವ ಆಸೆ ಬೇಡ.

ಜೆಲ್ಲನ್ನು ಹದಿನೈದು ನಿಮಿಷ ಬಫರಿನಲ್ಲಿ ನೆನೆಸಿ ಯೂರಿಯಾ ತೆಗೆದು ಬಣ್ಣ ಹಾಕಿ. ತುಂಡು ಚಿಕ್ಕದಾದಷ್ಟೂ ಬಣ್ಣ ಕಡಿಮೆ ಹಿಡಿಯುತ್ತದೆ. ಎಥಿಡಿಯಂ ಹಾಕಿದಾಗ 60 ಕಾಣಲಿಲ್ಲ ಅಂದರೆ ಅದು ಇಲ್ಲ ಅಂತ ಅಲ್ಲ.

ಎಲ್ಲ ಸರಿಯಾಗಿದ್ದರೆ ಸೊನ್ನೆಯಲ್ಲಿ 593 ಒಂದೇ. ನಿಮಿಷ ಕಳೆದಂತೆ ಅದು ತೆಳುವಾಗುತ್ತದೆ, 414 ಮತ್ತು 180 ಗಟ್ಟಿಯಾಗುತ್ತವೆ. 534 ನಡುವೆ ಬಂದು ಮರೆಯಾಗಬಹುದು. ಇನ್ನು ಎಚ್ಚರಿಕೆಯ ಗುರುತುಗಳು.

ಸೊನ್ನೆ ನಿಮಿಷದಲ್ಲೇ 414 ಇದೆಯಾ? ಹಂತ 3 ಅಥವಾ 4ಕ್ಕೆ ವಾಪಸ್ ಹೋಗಿ. 534 ಕಟ್ಟಿಕೊಂಡು ನಿಂತಿದೆ, 180 ಬರುತ್ತಿಲ್ಲವಾ? ಮೊದಲ ಹೆಜ್ಜೆ ಆಗಿದೆ, ಎರಡನೆಯದು ಆಗಿಲ್ಲ. ಕ್ಲೋನಿನಲ್ಲಿ ಇಂಟ್ರಾನಿನ ಕೊನೆಯ ಜಿ ಸರಿಯಾಗಿದೆಯೇ ಅಂತ ಸೀಕ್ವೆನ್ಸ್ ನೋಡಿ. ಜಿಟಿಪಿ ಇಲ್ಲದ ಲೇನಿನಲ್ಲಿ 473 ಮತ್ತು 120 ಮಸುಕಾಗಿ ಕಂಡರೆ ಗಾಬರಿ ಬೇಡ. ಇಂಟ್ರಾನ್ ನೀರನ್ನೇ ಬಳಸಿ ಎರಡನೇ ಜೋಡಣೆಯನ್ನು ನಿಧಾನವಾಗಿ ಕತ್ತರಿಸುತ್ತದೆ, ಪಿಎಚ್ ಜಾಸ್ತಿಯಾದರೆ ಇದೂ ಜಾಸ್ತಿ. ಆದರೆ ಆ ಲೇನಿನಲ್ಲಿ 180 ಕಂಡರೆ ನಿಮ್ಮ ಆರ್‌ಎನ್‌ಎ ಜೊತೆ ಹಳೆಯ ಜಿಟಿಪಿ ಉಳಿದುಬಂದಿದೆ. ಅರ್ಧದಷ್ಟು 593 ಹೋಗಿ, ಉಳಿದರ್ಧ ಒಂದು ಗಂಟೆಯಾದರೂ ಕದಲುತ್ತಿಲ್ಲವಾ? ಅದು ತಪ್ಪಾಗಿ ಮಡಿಸಿದ ಭಾಗ. 50 ಡಿಗ್ರಿಯ ಹತ್ತು ನಿಮಿಷವನ್ನು ಮೂವತ್ತು ಮಾಡಿ.

ಅಳತೆಪಟ್ಟಿಯಲ್ಲಿ ಎಲ್ಲೂ ಹೊಂದದ ಬ್ಯಾಂಡ್ ಒಂದು ಮೇಲೆ, ಕೊನೆಯ ಲೇನುಗಳಲ್ಲಿ ಕಂಡರೆ ಉಂಗುರ ಇರಬಹುದು. ಪರೀಕ್ಷೆ ಸುಲಭ. ಅದೇ ಮಾದರಿಯನ್ನು 4 ಮತ್ತು 6 ಶೇಕಡಾ ಜೆಲ್‌ನಲ್ಲಿ ಓಡಿಸಿ. ನೇರ ಆರ್‌ಎನ್‌ಎ ಎರಡರಲ್ಲೂ ಅಳತೆಪಟ್ಟಿಯ ಅದೇ ಜಾಗದಲ್ಲಿರುತ್ತದೆ. ಉಂಗುರ ಮಾತ್ರ ಜಾಗ ಬದಲಿಸುತ್ತದೆ, ಜೆಲ್ ಗಟ್ಟಿಯಾದಷ್ಟೂ ಹಿಂದೆ ಬೀಳುತ್ತದೆ.

ಎರಡನೇ ಗುಂಪಿನ ಇಂಟ್ರಾನ್ ಇಟ್ಟುಕೊಂಡಿರುವವರಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಜಿಟಿಪಿ ಬೇಡ, ಒಳಗಿನ ಒಂದು ಎ ಕೆಲಸ ಮಾಡುತ್ತದೆ. ಮೆಗ್ನೀಸಿಯಂ ಮತ್ತು ಉಪ್ಪು ಎರಡೂ ಬಹಳ ಜಾಸ್ತಿ ಬೇಕು. ಕುಣಿಕೆಯಾದ ಇಂಟ್ರಾನ್ ಮೂಲ ಆರ್‌ಎನ್‌ಎಗಿಂತಲೂ ಮೇಲೆ ನಿಲ್ಲಬಹುದು.

## ಹಂತ 8: ಜೋಡಣೆ ಸರಿಯಾಗಿದೆಯೇ?

180ರ ಜಾಗದಲ್ಲಿ ಬ್ಯಾಂಡ್ ಬಂದರೆ ಎಕ್ಸಾನ್ ಸರಿಯಾಗಿ ಜೋಡಿಯಾಗಿದೆ ಅಂತ ಹೇಳಲು ಆಗದು. ಆ ಬ್ಯಾಂಡನ್ನು ಕತ್ತರಿಸಿ ತೆಗೆದು, ಎರಡನೇ ಎಕ್ಸಾನಿನ ಪ್ರೈಮರ್‌ನಿಂದ ಡಿಎನ್‌ಎಗೆ ನಕಲು ಮಾಡಿ, ಪಿಸಿಆರ್ ಮಾಡಿ, ಸೀಕ್ವೆನ್ಸಿಂಗಿಗೆ ಕಳಿಸಿ. ಸಿ-ಟಿ-ಸಿ-ಟಿ-ಸಿ-ಟಿ ಮುಗಿದ ಕೂಡಲೇ ಟಿ-ಎ-ಎ-ಜಿ-ಜಿ-ಟಿ ಶುರುವಾಗಬೇಕು, ನಡುವೆ ಒಂದು ಬೇಸೂ ಹೆಚ್ಚು ಕಡಿಮೆ ಇರಬಾರದು. ನಕಲು ಮಾಡುವ ಕಿಣ್ವ ಹಾಕದ ಟ್ಯೂಬನ್ನೂ ಪಕ್ಕದಲ್ಲಿ ಇಡಿ. ಅದರಲ್ಲಿ 413 ಬೇಸ್ ಹೆಚ್ಚು ಉದ್ದದ ಬ್ಯಾಂಡ್ ಬಂದರೆ ಪ್ಲಾಸ್ಮಿಡ್ ಉಳಿದಿದೆ, ಡಿಎನ್‌ಏಸ್ ಮತ್ತೆ ಹಾಕಬೇಕು. ಚಿಕ್ಕ ಬ್ಯಾಂಡೇ ಬಂದರೆ ಹಿಂದಿನ ಪಿಸಿಆರ್ ಸರಕು ಪೈಪೆಟ್ಟಿನ ಮೂಲಕ ಎಲ್ಲಿಂದಲೋ ಬಂದಿದೆ. ಆಗ ಪ್ರೈಮರ್, ನೀರು ಎರಡನ್ನೂ ಎಸೆದು, ಪೈಪೆಟ್ ಒರೆಸಿ, ಬೇರೆ ಮೇಜಿನಲ್ಲಿ ಹೊಸದಾಗಿ ಮಾಡಿ.